ಹೆರಿಗೆಗೆ ಮುಂಚಿನ ಬ್ಲೇಡು

ಕೇಳಬೇಕಾದ ಒಂದು ಮಾತನ್ನು ನಾನು ಕೇಳಲಿಲ್ಲ. ಅಮ್ಮ ಇಲ್ಲದ್ದರಿಂದ ತಂಗಿ ಗೀತಾಳ ಬಾಣಂತನ ಮಾದಿಹಳ್ಳಿಯ ನನ್ನ ಮನೆಯಲ್ಲೇ ಆಗಬೇಕಿತ್ತು. ಹೆರಿಗೆಗೆ ಮುಂಚೆ ಕೆಳಗಿನ ಕೂದಲು ತೆಗೆಯಬೇಕೋ ಬೇಡವೋ ಎಂಬುದೇ ಅವಳ ಚಿಂತೆ. "ನರ್ಸಮ್ಮನ್ನ ನೀನೇ ಕೇಳಕ್ಕ, ನಂಗೆ ನಾಚ್ಕೆ ಆಯ್ತದೆ" ಎಂದಿದ್ದಳು.

ಆಸ್ಪತ್ರೆಯಲ್ಲಿ ಗಂಡಸರೂ ಕೂತಿದ್ದರು. ನನಗೂ ಬಾಯಿ ಬರಲಿಲ್ಲ. ಮುದ್ದೆ ಉಣ್ಣಬಹುದಾ ಎಂದಷ್ಟೇ ಕೇಳಿ ಬಂದು, "ತೆಕ್ಕೊಂಡೇ ಬರ್ಬೇಕಂತೆ" ಎಂದು ಅವಳಿಗೆ ಸುಳ್ಳು ಹೇಳಿದೆ.

ಹೊಟ್ಟೆ ಅಡ್ಡವಾಗಿ ಏನೂ ಕಾಣದೆ ಅವಳು ಬ್ಲೇಡಿನಿಂದ ಕುಯ್ದುಕೊಂಡಳು. ಗಾಯ ಊದಿಕೊಂಡಿರುವಾಗಲೇ ಹೆರಿಗೆ ನೋವು ಶುರುವಾಗಿ ಆಸ್ಪತ್ರೆಗೆ ಓಡಿದೆವು.

"ಯಾರಮ್ಮ ತೆಗಿ ಅಂದಿದ್ದು? ಕೂದ್ಲಿದ್ರೆ ಏನೂ ಆಗಲ್ಲ. ಬೇಕಾದ್ರೆ ನಾವೇ ಕತ್ತರಿಸ್ತೀವಿ. ಈ ಗಾಯ ನಂಜಾದ್ರೆ ಏನ್ ಮಾಡ್ತೀರ?" ಎಂದು ನರ್ಸಮ್ಮ ಗದರಿದರು. ನೋವಿನಲ್ಲಿ ನರಳುತ್ತಿದ್ದ ಗೀತಾಳ ಕಿವಿಗೆ ಆ ಮಾತು ಬೀಳಲಿಲ್ಲ. ನಾನು ತಲೆ ತಗ್ಗಿಸಿ ನಿಂತೆ.

ಮಗು ಹುಟ್ಟಿ ಅತ್ತರೂ ನನ್ನ ಎದೆ ಹಗುರಾಗಲಿಲ್ಲ. ಗಾಯ ಒಣಗುವವರೆಗೂ ಅವಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಅವಳೇ ನಕ್ಕು, "ಜ್ವರ ಇಲ್ಲ ಬಿಡಕ್ಕ" ಅಂದಾಗ ತಡೆಯಲಾಗಲಿಲ್ಲ. "ಕೂದ್ಲು ತೆಗಿ ಅಂತ ನರ್ಸಮ್ಮ ಹೇಳೇ ಇರ್ಲಿಲ್ಲ ಕಣೇ. ನಾನು ಕೇಳ್ಲೇ ಇಲ್ಲ. ತಪ್ಪಾಯ್ತು" ಎಂದೆ.