ಬಿಡದ ಬಲಗೈ

ಮೊನ್ನೆ ಬೇಲೂರಿನ ಬಟ್ಟೆ ಅಂಗಡಿಯಲ್ಲಿ ಹೊಸ ಟವಲ್ಲೊಂದನ್ನು ಬಿಡಿಸಿದಾಗ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ನಾನೋ ಮಹಾ ಮರೆಗುಳಿ, ನಿನ್ನೆ ಇಟ್ಟ ಬೀಗದ ಕೈ ಇವತ್ತು ಸಿಗುವುದಿಲ್ಲ. ಆದರೂ ಹೆಗಲ ಮೇಲೆ ಅಂಥದೇ ದಪ್ಪ ಟವಲ್ ಹಾಕಿಕೊಂಡು ಸಂತೆಗೆ ಹೊರಡುತ್ತಿದ್ದ ದಲ್ಲಾಳಿ ಮಾವ ಕಣ್ಣೆದುರು ಬಂದು ನಿಂತರು...

ಗಂಡಸಿ ಹತ್ತಿರದ ನಮ್ಮೂರಿನಲ್ಲಿ ಅವರದು ಪಕ್ಕದ ಮನೆ. ನೆಂಟರೇನಲ್ಲ. ಅಪ್ಪನೂ ಅವರೂ ಒಬ್ಬರನ್ನೊಬ್ಬರು ಬಾವ ಅನ್ನುತ್ತಿದ್ದರು, ಹಾಗಾಗಿ ನಮಗೆ ಮಾವ. ದನದ ವ್ಯಾಪಾರ ಕುದುರಿಸುವುದು ಅವರ ಕೆಲಸ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವಲ್ಲಿನಡಿ ಕೈಗೆ ಕೈ ಕೊಟ್ಟು ಬೆರಳಲ್ಲೇ ಮಾತಾಡುತ್ತಾರೆ. ಒಪ್ಪಿಗೆಯಿಲ್ಲದಿದ್ದರೆ ಕೈ ಬಿಡಿಸಿಕೊಳ್ಳಬೇಕು. ಬಿಗಿಯಾಗಿ ಹಿಡಿದರೆ ವ್ಯಾಪಾರ ಮುಗಿಯಿತು, ಆಮೇಲೆ ಬ್ರಹ್ಮ ಬಂದರೂ ಬದಲಿಲ್ಲ. ಮಾವನ ಕೈಯೆಂದರೆ ಸುತ್ತಲ ಹಳ್ಳಿಗಳಿಗೆಲ್ಲ ನಂಬಿಕೆ.

ಒಂದು ಬೇಸಿಗೆಯಲ್ಲಿ ಅವರು ತಲೆ ಸುತ್ತಿ ಮಲಗಿದರು. ಪಿತ್ತವಿರಬೇಕು ಅಂದುಕೊಂಡೆವು. ಎದ್ದ ಮೇಲೆ ಬಲಗೈ ಒಂಥರಾ ಆಡತೊಡಗಿತು. ಬಾಗಿಲ ಚಿಲಕ ಹಿಡಿದರೆ ಬಿಡುತ್ತಿರಲಿಲ್ಲ; ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಬೇಕಿತ್ತು. “ನಮ್ಮನೆಯೋರ್ಗೆ ಈಗ ನನ್ಗಿಂತ ಕಾಫಿ ಲೋಟದ ಮ್ಯಾಲೇ ಪ್ರೀತಿ ಕಣವ್ವ” ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ನಾವು ನಗುತ್ತಿದ್ದೆವು. ಪಾಪ, ಮಾವನೂ ನಗುತ್ತಿದ್ದರು.

ಆ ವರ್ಷ ಅಪ್ಪ ತನ್ನ ಎತ್ತುಗಳನ್ನು ಮಾರಲು ಅವರಿಗೇ ಒಪ್ಪಿಸಿದ. ಕರುಗಳಾಗಿದ್ದಾಗಿನಿಂದ ಜೊತೆಗೇ ಬೆಳೆದು ಒಂದೇ ನೊಗಕ್ಕೆ ಹೆಗಲು ಕೊಟ್ಟ ಜೋಡಿ. “ಜೋಡಿ ಮಾತ್ರ ಒಡೀಬ್ಯಾಡ ಬಾವ” ಅಂದಿದ್ದ, ಅಷ್ಟೇ.

ಸಂತೆಯಲ್ಲಿ ಕಣಕಟ್ಟೆ ಕಡೆಯವನೊಬ್ಬ ಒಂಟಿ ಎತ್ತು ಕೇಳಿದ. ಟವಲ್ಲಿನಡಿ ಮಾವ ಕೈ ಎಳೆದುಕೊಳ್ಳಲು ನೋಡಿದರು. ಅದು ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡುಬಿಟ್ಟಿತು.

“ನಾನ್ ಹಿಡೀಲಿಲ್ಲ ಕಣ್ರಪ್ಪ, ಕೈ ಹಿಡ್ಕಂತು” ಅಂದರಂತೆ ಮಾವ.

“ಕೈ ಯಾರ್ದಲಾ, ನಿಮ್ಮಪ್ಪಂದಾ?” ಎಂದು ಯಾರೋ ಅಂದರಂತೆ. ಸಂತೆಯೇ ನಕ್ಕಿತಂತೆ. ಕೊಂಡವನು ಎತ್ತು ಹೊಡೆದುಕೊಂಡು ಹೋದ.

ಉಳಿದ ಎತ್ತು ಹುಲ್ಲಿಗೆ ಬಾಯಿ ಹಾಕದೆ ಖಾಲಿ ಗೂಟವನ್ನೇ ನೋಡುತ್ತಿತ್ತು. ಅಪ್ಪ ಬಾವನೊಂದಿಗೆ ಮಾತು ಬಿಟ್ಟ. ಸಂತೆಯಲ್ಲೂ ಅವರಿಗೆ ಯಾರೂ ಕೈ ಕೊಡಲಿಲ್ಲ.

ತಿಂಗಳುಗಳೇ ಕಳೆದ ಮೇಲೆ ಅವರ ಮಗಳು ಹಾಸನಕ್ಕೆ ಕರೆದೊಯ್ದು ತಲೆಯ ಸ್ಕ್ಯಾನಿಂಗ್ ಮಾಡಿಸಿದಳು. ಅವತ್ತಿನ ತಲೆಸುತ್ತು ಬರೀ ತಲೆಸುತ್ತಲ್ಲ, ಮೆದುಳಿನಲ್ಲಿ ರಕ್ತ ಕಟ್ಟಿ, ಕೈಯನ್ನು ಹತೋಟಿಯಲ್ಲಿಡುವ ಜಾಗವೇ ಕೆಟ್ಟಿದೆ, ಈ ಕೈ ಇವರ ಮಾತು ಕೇಳುವುದಿಲ್ಲ ಅಂದರಂತೆ ಡಾಕ್ಟರು. ಅತ್ತೆ ಬಂದು ಹೇಳಿ ಅತ್ತರು. ಸಂಜೆ ಅಪ್ಪ ಎದ್ದು ಹೊರಟ. ನಾನೂ ಹಿಂದೆಯೇ ಹೋದೆ.

ಮಾವ ಬಲಗೈಯನ್ನು ತೊಡೆಯಡಿ ಒತ್ತಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು.

“ತಪ್ಪು ನಿಂದಲ್ವಂತೆ ಬಾವ, ಮೆದುಳಿಂದಂತೆ” ಅಂದ ಅಪ್ಪ.

“ಅಂಗಾರೆ ಇಷ್ಟ್ ವರ್ಸ ಸರಿಯಾಗಿ ಹಿಡಿದಿದ್ದೂ ಮೆದುಳೇ ಆಯ್ತಲ್ಲ ಬಾವ. ನಂದು ಅಂತ ಏನೈತೆ ಅದ್ರಲ್ಲಿ?”

ಅಪ್ಪ ಕೈ ಚಾಚಿದ.

“ಬ್ಯಾಡ. ಇದು ಹಿಡ್ಕಂಡ್ರೆ ನಾನ್ ಹಿಡ್ಕಂಡಂಗಲ್ಲ” ಅಂದರು ಮಾವ. ಅವರ ಎಡಗೈ ಒಂದಿಷ್ಟು ಮೇಲೆದ್ದಿತು... ಎಡಗೈ ಕೊಡುವುದು ನಮ್ಮಲ್ಲುಂಟೇ? ಅವರೇ ಕೆಳಗಿಳಿಸಿದರು. ಅಪ್ಪನೂ ಕೈ ಹಿಂದೆಗೆದುಕೊಂಡ. ಕಾಫಿ ಕುಡಿದು, ರಾಗಿ ಬಿತ್ತನೆಯ ವಿಷಯ ಮಾತಾಡಿ ಎದ್ದು ಬಂದೆವು.

ಮುಂದಿನ ಬೇಸಿಗೆಗೆ ಮಾವ ಇರಲಿಲ್ಲ. ಅವರಿಲ್ಲದ ಜಗಲಿ ನೋಡಿದರೆ ಸಂಕಟವಾಗುತ್ತದೆ. ನಿನ್ನೆ ಅಪ್ಪನ ಮುಂದೆ ಅವರ ಮಾತು ತೆಗೆದೆ. ಅಪ್ಪ ಹೇಳಿದ:

“ಎಡಗೈನೇ ಹಿಡ್ಕಬೇಕಿತ್ತು ಕಣವ್ವ. ಅದಾದ್ರೂ ಅವನ್ದೇ ಆಗಿತ್ತು.”