ಲೋನಿ ಮಾವನನ್ನು ದಾಟಿ ಹೋದವರು

ನನ್ನ ಮಾವ ಲೋನಿ ಬ್ಲೆವಿನ್ಸ್ ವಾರದ ಐದು ದಿನ ಶಾಲಾ ಬಸ್ಸುಗಳ ಬ್ರೇಕು ರಿಪೇರಿ ಮಾಡುತ್ತಾರೆ. ಶನಿವಾರ ಸಂಜೆ ನಮ್ಮೂರ ಕಾರು ರೇಸಿನ ಟ್ರ್ಯಾಕಿನಲ್ಲಿ ಕಂದು ಬಣ್ಣದ ತಮ್ಮ ಕಾರನ್ನು ಎಡಕ್ಕೇ ತಿರುಗಿಸುತ್ತ ಸುತ್ತು ಹೊಡೆಯುತ್ತಾರೆ. ಮೂವತ್ತು ವರ್ಷದಿಂದ ಇದೇ ಟ್ರ್ಯಾಕು, ಅವೇ ನಾಲ್ಕು ತಿರುವು. ರಿಚ್ಮಂಡ್ ಪಟ್ಟಣದಲ್ಲಿ ಓದಿ ಈ ಮನೆಗೆ ಸೊಸೆಯಾಗಿ ಬಂದ ನನಗೆ ಶನಿವಾರ ಬಂತೆಂದರೆ ಗಾಬರಿ. ಮಗಳು ಟೆಸ್‌ಗೆ ಇನ್ನೂ ಎರಡು ತುಂಬಿಲ್ಲ. ಸದ್ದು ತಡೆಯಲೆಂದು ಅವಳ ಕಿವಿಗೆ ಹಾಕಿದ ಮುಚ್ಚಳ ಜಾರಿತೇ, ಬೇಲಿಗೆ ತೀರ ಹತ್ತಿರ ಕೂತೆವೇ ಎಂದು ನಿಮಿಷಕ್ಕೊಮ್ಮೆ ನೋಡಿಕೊಳ್ಳುತ್ತೇನೆ.

ಇಷ್ಟರ ನಡುವೆಯೂ ಒಂದು ಕುತೂಹಲ ನನ್ನನ್ನು ಬಿಟ್ಟಿರಲಿಲ್ಲ. ಈ ಟ್ರ್ಯಾಕಿನಿಂದ ಮೂವರು ದೊಡ್ಡ ರೇಸುಗಳಿಗೆ ಹೋಗಿ ಕಾರು ಓಡಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದಾರೆ. ಅವರನ್ನು ಆರಿಸಲು ಬಂದವರೆಲ್ಲ ಮೊದಲು ಬಂದು ಮಾತಾಡಿಸಿದ್ದು, ಎಲ್ಲಿಗೂ ಹೋಗದ ನಮ್ಮ ಮಾವನನ್ನು. ಯಾಕೆ?

ಈ ವರ್ಷ ಎಲ್ಲರ ಬಾಯಲ್ಲೂ ಜೋರೀ ಏಕರ್ಸ್‌ಳ ಹೆಸರು. ಹದಿನೇಳರ ಹುಡುಗಿ, ಅಭ್ಯಾಸದಲ್ಲಿ ಅವಳಷ್ಟು ವೇಗ ಇನ್ಯಾರದೂ ಇಲ್ಲ. ದೊಡ್ಡ ರೇಸುಗಳಿಗೆ ಕಾರು ಇಳಿಸುವ ಪ್ರೂಯಿಟ್ ಎಂಬಾತನ ತಂಡದಲ್ಲಿ ಒಂದು ಜಾಗ ಖಾಲಿಯಿತ್ತು. ಜೂನ್‌ನಲ್ಲಿ ಆತ ಅವಳನ್ನು ನೋಡಲೆಂದೇ ಬಂದ.

ಆ ದಿನ ಆರು ಸುತ್ತು ಬಾಕಿ ಇರುವಾಗ ಯಾರದೋ ಕಾರು ಗಿರ್ರನೆ ತಿರುಗಿ ನಿಂತು, ಎಲ್ಲರೂ ನಿಧಾನಿಸಲೆಂದು ಹಳದಿ ಬಾವುಟ ಬಂತು. ಮಾವ ಮೊದಲು, ಜೋರೀ ಎರಡನೆಯವಳು. ಮತ್ತೆ ಓಟ ಶುರುವಾಗುವ ಮುಂಚೆ ನೆಲದ ಮೇಲೆ ಬಳಿದ ಕಿತ್ತಳೆ ತ್ರಿಕೋನದ ಹತ್ತಿರ ಪ್ರತಿಯೊಬ್ಬರೂ ಒಳಸಾಲೋ ಹೊರಸಾಲೋ ಆರಿಸಿಕೊಳ್ಳಬೇಕು. ಹೊರಸಾಲಿನಲ್ಲಿ ಟೈರಿನ ಪುಡಿ ಬಿದ್ದು ಜಾರುತ್ತದೆ. ಬಲಗಡೆಗೆ ಗೋಡೆ ಬೇರೆ. ಮಾವ ಒಳಸಾಲು ಹಿಡಿದರು. ಜೋರೀ ಹೊರಗೆ ಹೋಗಿದ್ದರೆ ಅವರ ಪಕ್ಕದಲ್ಲೇ ನಿಲ್ಲಬಹುದಿತ್ತು. ಹೋಗಲಿಲ್ಲ. ಅವರ ಹಿಂದೆಯೇ ನಿಂತಳು, ಆರೂ ಸುತ್ತು ಅವರ ಬಂಪರಿಗೆ ತನ್ನ ಕಾರಿನ ಮೂಗು ಒತ್ತಿದಳು, ಎರಡನೆಯವಳಾಗಿಯೇ ಮುಗಿಸಿದಳು.

ಮಾವ ಹೆಲ್ಮೆಟ್ ತೆಗೆದು ಹಾಟ್ ಡಾಗ್ ಕಚ್ಚುತ್ತಿದ್ದಾಗ ಪ್ರೂಯಿಟ್ ಬಂದು ನಿಂತ.

"ಹೇಗೆ ಲೋನಿ, ಹುಡುಗಿ?"

"ಓಡಿಸೋದ್ರಲ್ಲಿ ಜೋರು. ಆದ್ರೆ ಹೊರಗಡೆ ಹೋಗಲ್ಲ. ನಾನು ಜಾಗ ಬಿಡ್ಲಿ ಅಂತ ಕಾಯ್ತಾ ಕೂತ್ಲು."

"ಸರಿ. ಆಗಸ್ಟ್ ಕೊನೇವರೆಗೂ ಜಾಗ ಇಟ್ಟಿರ್ತೀನಿ. ಇನ್ನೊಂದ್ಸಲ ಬರ್ತೀನಿ," ಎಂದು ಆತ ಹೊರಟ.

ನನಗೆ ತಡೆಯಲಾಗಲಿಲ್ಲ. "ಮಾವ, ಮಗು ಅದು! ಒಂದು ಒಳ್ಳೆ ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವರು ಉತ್ತರಿಸುವ ಮೊದಲೇ ಜೋರೀ ಬಂದಳು. "ನನ್ನ ಬಗ್ಗೆ ಏನು ಹೇಳಿದ್ರಿ, ಲೋನಿ ಮಾಮ?"

ಮಾವ ಒಂದಕ್ಷರ ಬಿಡದೆ ಹೇಳಿದರು. ಅವಳ ಮುಖ ಕಿವಿಯವರೆಗೂ ಕೆಂಪೇರಿತು.

"ಮೂವತ್ತು ವರ್ಷ ಗಾಣದೆತ್ತಿನ ಥರ ಇಲ್ಲೇ ಸುತ್ತಿದೀರ. ನೀವು ನನಗೆ ಹೇಳ್ತೀರಾ?"

"ಅದಕ್ಕೇ ಹೇಳ್ತಿರೋದು ಕಣಮ್ಮ," ಎಂದರು ಮಾವ, ಬಾಯಿ ಒರೆಸಿಕೊಂಡು. "ಇಪ್ಪತ್ತಾರನೇ ವಯಸ್ಸಲ್ಲಿ ನನ್ನನ್ನೂ ಕರೆದಿದ್ರು. ಎಲ್ಲರೂ ಬೆನ್ನು ತಟ್ಟಿ ಕಳಿಸಿದ್ರು. ಅಲ್ಲಿ ಹೊರಸಾಲಲ್ಲಿ ಓಡಿಸು ಅಂದ್ರು. ಗೋಡೆ ಹತ್ರ ಬಂದಾಗೆಲ್ಲ ಆಕ್ಸಿಲರೇಟರ್ ಮೇಲಿಂದ ಕಾಲು ತಾನಾಗೇ ಎದ್ದು ಬರೋದು. ಎರಡೇ ದಿನಕ್ಕೆ ಮನೆಗೆ ಕಳಿಸಿದ್ರು. ಹೋಗೋಕೆ ಮುಂಚೆ ಒಬ್ಬನಾದ್ರೂ ಹೇಳಿದ್ದಿದ್ರೆ!"

ಇದನ್ನು ನನ್ನ ಗಂಡನೂ ಕೇಳಿದವನಲ್ಲ. ಜೋರೀ ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಆಮೇಲೆ, "ಗುರುವಾರ ಅಭ್ಯಾಸಕ್ಕೆ ಬರ್ತೀರಾ?" ಎಂದಳು.

"ನೀನು ಹೊರಗಡೆ ಇರೋದಾದ್ರೆ ಬರ್ತೀನಿ."

ಆ ಬೇಸಿಗೆ ಪ್ರತಿ ಗುರುವಾರ ಮಾವ ಒಳಸಾಲಿನಲ್ಲಿ ಕಲ್ಲಿನಂತೆ ಕೂತು ಅವಳನ್ನು ಗೋಡೆಯ ಕಡೆಗೇ ಇರಿಸಿದರು. ಎರಡು ಸಲ ಅವಳ ಕಾರು ಗೋಡೆಗೆ ಉಜ್ಜಿತು. ಎರಡು ಸಲವೂ ಕಣ್ಣು ಮುಚ್ಚಿಕೊಂಡಿದ್ದು ನಾನು. ಅವಳ ತಾಯಿ ಮಾತ್ರ ಬೇಯಿಸಿದ ಕಡಲೆಕಾಯಿ ಸುಲಿಯುತ್ತಲೇ, "ಹೋಯ್ತು ನೋಡು ಇನ್ನೊಂದು ಬಾಗಿಲು" ಅಂದಳು. ಆ ಹೆಂಗಸಿನ ಎದೆ ಯಾವುದರಿಂದ ಮಾಡಿದ್ದೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆಗಸ್ಟಿನ ಕೊನೆಯ ಶನಿವಾರ ಪ್ರೂಯಿಟ್ ಮತ್ತೆ ಬಂದ. ಐದು ಸುತ್ತು ಬಾಕಿ, ಹಳದಿ ಬಾವುಟ. ಮುಂದೆ ಮಾವ, ಹಿಂದೆ ಜೋರೀ. ತ್ರಿಕೋನದ ಬಳಿ ಮಾವ ಎಡಕ್ಕೆ ಹೋದರು. ಜೋರೀಯ ಕಾರು ಒಂದು ಕ್ಷಣ ಅವರ ಹಿಂದೆಯೇ ವಾಲಿತು, ಆಮೇಲೆ ಬಲಕ್ಕೆ ಹೊರಳಿತು. ನಾನು ಟೆಸ್‌ಳನ್ನು ಎಷ್ಟು ಬಿಗಿಯಾಗಿ ಅವುಚಿಕೊಂಡೆನೆಂದರೆ ಅವಳು ಕಿರುಚಿದಳು.

ಮೂರು ಸುತ್ತು ಇಬ್ಬರೂ ಬಾಗಿಲಿಗೆ ಬಾಗಿಲು. ಮಾವ ಅವಳಿಗೆ ಒಂದು ಕಾರಿನಷ್ಟು ಜಾಗ ಉಳಿಸಿದ್ದರು, ಒಂದಂಗುಲವೂ ಹೆಚ್ಚಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಅವಳ ಹಿಂದಿನ ಚಕ್ರ ಪುಡಿಯ ಮೇಲೆ ಜಾರಿ ಗೋಡೆಯಿಂದ ಕಿಡಿ ಹಾರಿತು. ಕಾಲು ಎತ್ತುತ್ತಾಳೆ, ಎತ್ತಲಿ ದೇವರೇ ಎಂದುಕೊಂಡೆ. ಇಂಜಿನಿನ ಸದ್ದು ಇಳಿಯಲೇ ಇಲ್ಲ. ಕೊನೆಯ ಗೆರೆಯನ್ನು ಅವಳು ಅರ್ಧ ಬಾನೆಟ್ ಮುಂದಾಗಿ ದಾಟಿದಳು.

ಪ್ರೂಯಿಟ್ ನೇರ ಮಾವನ ಬಳಿಗೆ ಬಂದ. "ನಿಜ ಹೇಳು ಲೋನಿ. ಬಿಟ್ಟುಕೊಟ್ಯಾ?"

ಮಾವ ಅವನ ತೋಳು ಹಿಡಿದು ಕಾರಿನ ಬಲಗಡೆಗೆ ಕರೆದೊಯ್ದರು. ಕಂದು ಬಾಗಿಲಿನ ಉದ್ದಕ್ಕೂ ಜೋರೀಯ ಕಾರಿನ ಹಸಿರು ಬಣ್ಣ ಹತ್ತಿತ್ತು.

"ಬಿಟ್ಟುಕೊಟ್ಟಿದ್ರೆ ಇದು ಇಲ್ಲಿಗೆ ಹೇಗಯ್ಯಾ ಬರುತ್ತೆ?"

ಆತ ಆ ಹಸಿರನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಆಮೇಲೆ ಕಾರು ನಿಲ್ಲಿಸುವ ಅಂಗಳ ದಾಟಿ ಜೋರೀಯ ಕಡೆಗೆ ನಡೆದ. ಅವಳು ಟೈರಿನ ಮೇಲೆ ಕೂತು ನೀರಿನ ಬಾಟಲಿಯ ಮುಚ್ಚಳದೊಂದಿಗೆ ಹೆಣಗುತ್ತಿದ್ದಳು. ಪ್ರೂಯಿಟ್ ಬಾಟಲಿ ಇಸಿದುಕೊಂಡು ಮುಚ್ಚಳ ತೆಗೆದುಕೊಟ್ಟ.

"ಸೋಮವಾರ ಬೆಳಿಗ್ಗೆ ಏಳಕ್ಕೆ ನಮ್ಮ ಗ್ಯಾರೇಜಿಗೆ ಬಾ. ಸಹಿ ಹಾಕೋಕೆ ಅಮ್ಮನ್ನೂ ಕರ್ಕೊಂಡು ಬಾ."