ವಯಸ್ಸು ಸಾಲದ ಮನೆ

ಮೊನ್ನೆ ಶನಿವಾರ ಸಹೋದ್ಯೋಗಿಯೊಬ್ಬನ ರಿಸೆಪ್ಷನ್ನಿನಲ್ಲಿ ನಾನು ಒರಗಿ ನಿಂತಿದ್ದ ಕಂಬ ಗೇಣುದ್ದ ಹಿಂದಕ್ಕೆ ಸರಿಯಿತು. ಆನೆ, ನವಿಲು ಎಲ್ಲ ಕೆತ್ತಿದ್ದ ಕಲ್ಲಿನ ಕಂಬ ಸ್ವಾಮಿ! ನನ್ನ ತೂಕದ ಬಗ್ಗೆ ಮನೆಯಲ್ಲಿ ಆಗಾಗ ಮಾತು ಬರುವುದುಂಟು, ಆದರೂ ಕಲ್ಲುಕಂಬ ಸರಿಸುವಷ್ಟೇನಲ್ಲ. ಬೆರಳಿನಿಂದ ಬಡಿದು ನೋಡಿದೆ. ಡಬಡಬ ಎಂದಿತು. ಫೈಬರ್. ಹೊಸ ಪೇಂಟಿನ ವಾಸನೆ ಮೂಗಿಗೆ ಅಡರಿತು. ಗೇಟಿನ ಮೇಲೆ ದೀಪದಕ್ಷರಗಳಲ್ಲಿ ‘ಹೆರಿಟೇಜ್ ಫಾರ್ಮ್’, ಅದರ ಕೆಳಗೆ ‘ಮುನ್ನೂರು ವರ್ಷಗಳ ಪರಂಪರೆ’.

ನನಗೆ ಮೈ ಉರಿಯಿತು. ಅದೇ ಜಾಗದಲ್ಲಿ ನಿಜವಾಗಿ ಒಂದು ಹಳೆಯ ತೋಟದ ಮನೆಯಿತ್ತು. ಆರು ವರ್ಷದ ಹಿಂದೆ ಅದರ ಮಹಡಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ.

ದಿಲ್ಲಿ ಹತ್ತಿರದ ಮಾನೇಸರಿನ ಕಾರ್ಖಾನೆಯ ಆಫೀಸಿಗೆ ಸೇರಿದ ಹೊಸತು ಅದು. ಮನೆಯ ಯಜಮಾನಿಯನ್ನು ಎಲ್ಲರೂ ಕರೆಯುವಂತೆ ನಾನೂ ದಾದಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದೆ. ಸಣ್ಣ ಇಟ್ಟಿಗೆ, ದಪ್ಪ ಸುಣ್ಣದ ಗಾರೆ. ಮೇ ತಿಂಗಳ ಲೂ ಎಂಬ ಬಿಸಿಗಾಳಿಯಲ್ಲೂ ಒಳಗೆ ಕಾಲಿಟ್ಟರೆ ಅಂಗಾಲು ತಣ್ಣಗಾಗುತ್ತಿತ್ತು. ಹಿಂದೆ ಮಾವಿನ ತೋಟ, ನಡುವೆ ಬಾವಿ, ಸುತ್ತ ಕವಳಿಯ ಬೇಲಿ. ಕವಳಿಕಾಯಿ ಉಪ್ಪಿನಕಾಯಿ ಹಾಕುವುದರಲ್ಲಿ ದಾದಿಗೆ ನಮ್ಮಮ್ಮನಿಗಿಂತ ಹೆಚ್ಚಿನ ಕೈಗುಣವಿತ್ತು. ಇದನ್ನು ನಮ್ಮಮ್ಮನಿಗೆ ಹೇಳುವ ಧೈರ್ಯ ನನಗೆ ಈಗಲೂ ಇಲ್ಲ.

ಆ ತೋಟಕ್ಕೆ ಮದುವೆಯಾಗಿತ್ತು. ನಗಬೇಡಿ. ನಮ್ಮ ಕಡೆ ಅರಳಿಗೂ ಬೇವಿಗೂ ಮದುವೆ ಮಾಡುವುದಿಲ್ಲವೇ? ಅವರಲ್ಲಿ ಮಾವಿನ ತೋಪಿಗೂ ಬಾವಿಗೂ ಮಾಡುತ್ತಾರೆ. ಡೋಲು ಬಾರಿಸಿ, ಮರಕ್ಕೆ ಕೆಂಪು ಸೆರಗು ಕಟ್ಟಿ, ಊರಿಗೆ ಊಟ ಹಾಕಬೇಕು. ಅಲ್ಲಿಯವರೆಗೆ ಮನೆಯವರು ಹಣ್ಣು ಬಾಯಿಗೆ ಹಾಕುವಂತಿಲ್ಲ. “ನನಗೂ ತೋಟಕ್ಕೂ ಒಂದೇ ವರ್ಷ ಮದುವೆ ಬೇಟಾ. ತೋಟದ ಊಟವೇ ಚೆನ್ನಾಗಿತ್ತಂತೆ,” ಎಂದು ದಾದಿ ನಗುತ್ತಿದ್ದರು.

ಹೆದ್ದಾರಿ ಅಗಲವಾಗುತ್ತ ಬಂದಂತೆ ಅವರ ನಗು ಕಡಿಮೆಯಾಯಿತು. ಇಬ್ಬರು ಗಂಡುಮಕ್ಕಳೂ ಮಾರುವ ಮಾತೆತ್ತಿದರು. ಸರ್ಕಾರ ಹಳೆಯ ಮನೆಗಳನ್ನು ಹೆರಿಟೇಜ್ ಎಂದು ಉಳಿಸುತ್ತದಂತೆ ಎಂದು ದಾದಿಗೆ ಯಾರೋ ಹೇಳಿದ್ದರು. “ನೀನು ಕಲ್ಲಿನ ರಥ ಇರುವ ನಾಡಿನವನು, ನಿನಗೆ ಇದೆಲ್ಲ ಗೊತ್ತಿರುತ್ತೆ,” ಎಂದು ಆ ಕೆಲಸವನ್ನು ನನಗೇ ಒಪ್ಪಿಸಿದರು. ಹಂಪಿಯನ್ನು ನಾನು ಕಂಡದ್ದು ಶಾಲೆಯ ಪ್ರವಾಸದಲ್ಲಿ, ಅದೂ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತ. ಆದರೂ ಗಂಭೀರವಾಗಿ ತಲೆಯಾಡಿಸಿದೆ. ಎರಡು ತಿಂಗಳು ಕಚೇರಿ ಅಲೆದು ಒಬ್ಬ ಅಧಿಕಾರಿಯನ್ನು ಕರೆತಂದೆ.

ಅಧಿಕಾರಿ ಮಂಚದ ಮೇಲೆ ಕುಳಿತು, “ಯಾವ ನವಾಬ ಕಟ್ಟಿಸಿದ್ದು?” ಎಂದು ಕೇಳಿದರು.

“ನಮ್ಮ ಮಾವ. ಎಮ್ಮೆ ಮಾರಿ,” ಎಂದರು ದಾದಿ.

“ಯಾರಾದರೂ ದೊಡ್ಡವರು ಬಂದು ತಂಗಿದ್ದರಾ?”

“ಬಂದವರೆಲ್ಲ ತಂಗಿದ್ದಾರೆ. ದೊಡ್ಡವರು ಯಾರು ಅಂತ ಕೇಳಲಿಲ್ಲ.”

ದಾದಿ ತೋಟ ತೋರಿಸಿದರು, ಮದುವೆಯ ಕಥೆ ಹೇಳಿದರು. “ಅಚ್ಛಾ, ಅಚ್ಛಾ. ಆದರೆ ಮಾತಾಜಿ, ಗಿಡಮರ ನಮ್ಮ ಲೆಕ್ಕಕ್ಕೆ ಬರೋದಿಲ್ಲ. ಮನೆಗೆ ವಯಸ್ಸು ಸಾಲದು,” ಎಂದ ಮನುಷ್ಯ ಮಾವಿನ ಹಣ್ಣುಗಳನ್ನು ಮೊಣಕೈವರೆಗೂ ರಸ ಇಳಿಸಿಕೊಂಡು ತಿಂದು, ಒಂದು ಚೀಲ ಜೀಪಿಗೆ ಹಾಕಿಸಿಕೊಂಡು ಹೊರಟುಹೋದ. ಲೆಕ್ಕಕ್ಕೆ ಬಾರದ ಗಿಡದ ಹಣ್ಣು ಹೊಟ್ಟೆಗೆ ಬರುತ್ತದೆ ನೋಡಿ.

ಮುಂದಿನ ಚಳಿಗಾಲದಲ್ಲಿ ಮನೆ ಮಾರಾಟವಾಯಿತು. ನಾನು ದಿಲ್ಲಿಯ ಮಯೂರ್ ವಿಹಾರಿಗೆ ಬಂದೆ, ದಾದಿ ಹಿರಿಯ ಮಗನ ಜೊತೆ ಗುಡಗಾಂವಿನ ಒಂಬತ್ತನೇ ಮಹಡಿಗೆ ಹೋದರು. ಕೊಂಡವರು ಮನೆ ಕೆಡವಿದರು, ಮಾವು ಕಡಿದರು, ಬಾವಿಯನ್ನು ಮನೆಯದೇ ಇಟ್ಟಿಗೆಯಿಂದ ಮುಚ್ಚಿದರು. ಆಮೇಲೆ ಫೈಬರಿನ ಕಂಬ ತಂದು ನಿಲ್ಲಿಸಿ, ನೀರಿಲ್ಲದ ಒಂದು ಬಾವಿಕಟ್ಟೆಯನ್ನು ಫೋಟೋಗೆಂದು ಕಟ್ಟಿದರು. ಬದುಕಿದ್ದಾಗ ಒಂದು ತುತ್ತು ಹಾಕದವರು ಸತ್ತ ಮೇಲೆ ಎಡೆ ಇಡುತ್ತಾರಲ್ಲ, ಹಾಗೆ. ನನ್ನ ಸಿಟ್ಟಿನ ಬಗ್ಗೆಯೂ ಹೇಳಿಬಿಡುತ್ತೇನೆ. ಅಷ್ಟು ಉರಿದುಕೊಂಡವನು ಪನೀರನ್ನು ಎರಡು ಸಲ ಹಾಕಿಸಿಕೊಂಡೆ.

ನಿನ್ನೆ ಭಾನುವಾರ ದಾದಿಯನ್ನು ನೋಡಲು ಹೋದೆ. ಹೇಳಬಾರದೆಂದುಕೊಂಡಿದ್ದೆ, ಬಾಯಿ ತಡೆಯಲಿಲ್ಲ. “ದಾದಿ, ಮನೆ ಕಡೆ ಹೋಗಿದ್ದೆ. ಅಲ್ಲೊಂದು ಮದುವೆ ಊಟ. ಹೆರಿಟೇಜ್ ಅಂತ ಬೋರ್ಡ್ ಹಾಕಿದ್ದಾರೆ,” ಎಂದೆ. ಅಲ್ಲಿಗೇ ನಿಲ್ಲಿಸಿದೆ. ಮನೆ ಕೆಡವಿದ್ದನ್ನು ಮಕ್ಕಳು ಅವರಿಗೆ ತಿಳಿಸಿಯೇ ಇರಲಿಲ್ಲ.

ದಾದಿಯ ಕಣ್ಣು ಅರಳಿತು. “ಹಾಗಾದರೆ ಕೊನೆಗೂ ಒಪ್ಪಿಕೊಂಡರು ಅನ್ನು! ಊಟ ಹೊಟ್ಟೆ ತುಂಬ ಬಡಿಸಿದರಾ?”

“ತುಂಬ ಬಡಿಸಿದರು.”

“ನಮ್ಮ ಮನೆಯಿಂದ ಯಾರೂ ಹಸಿದು ಹೋದದ್ದಿಲ್ಲ,” ಎಂದು ಅಡುಗೆಮನೆಯಲ್ಲಿದ್ದ ಸೊಸೆಗೂ ಕೇಳುವಂತೆ ಹೇಳಿದರು. ಆಮೇಲೆ ನನ್ನ ಕೈ ಹಿಡಿದು ದನಿ ತಗ್ಗಿಸಿದರು. “ಇನ್ನೊಮ್ಮೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗು ಬೇಟಾ. ಯಾರಾದರೂ ತಡೆದರೆ ನನ್ನ ಹೆಸರು ಹೇಳು, ಬಿಡ್ತಾರೆ.”

ಅಲ್ಲಿ ಆಮಂತ್ರಣದ ಕಾರ್ಡ್ ಇಲ್ಲದವರನ್ನು ಗೇಟಿನಾಚೆಯೇ ನಿಲ್ಲಿಸುತ್ತಾರೆ.

“ಅಚ್ಛಾ ದಾದಿ,” ಎಂದೆ.